ನಾಲ್ಕು ತಾಲೂಕುಗಳ ಲೆಕ್ಕ: ವಿಜ್ಞಾನದ ತಂತ್ರಾಂಶಕ್ಕೆ ಸಾಧನ ಆರಿಸುವ ಬಗೆ

(ಉಪನ್ಯಾಸದ ಪಠ್ಯ)



ಮಲೆನಾಡಿನ ಮಳೆಗೂ ಕೊಪ್ಪಳ ಜಿಲ್ಲೆಯ ಗದ್ದೆಗೂ ಇರುವ ನಂಟು ನಕ್ಷೆ ಬಿಡಿಸಿ ನೋಡಿದವರಿಗೆಲ್ಲ ತಿಳಿದದ್ದೇ. ಗಂಗಾಮೂಲದಲ್ಲಿ ಹುಟ್ಟಿದ ತುಂಗೆಯೂ ಭದ್ರೆಯೂ ಕೂಡ್ಲಿಯಲ್ಲಿ ಒಂದಾಗಿ, ಮುನಿರಾಬಾದಿನ ಅಣೆಕಟ್ಟೆಯಲ್ಲಿ ತಂಗಿ, ಎಡದಂಡೆ ಕಾಲುವೆಯ ಹಾದಿಯಲ್ಲಿ ಗಂಗಾವತಿಯ ಭತ್ತದ ಗದ್ದೆಗಳನ್ನು ಸೇರುತ್ತವೆ. ಘಟ್ಟದ ಇಳಿಜಾರಿನಿಂದ ಕೊಚ್ಚಿಹೋದ ಮಣ್ಣು ನಿಲ್ಲುವುದೂ ಆ ಅಣೆಕಟ್ಟೆಯ ಹಿಂದೆಯೇ. ಆರಂಭದಲ್ಲಿ ಸುಮಾರು 133 ಟಿ.ಎಂ.ಸಿ. ಅಡಿ ಎನ್ನಲಾಗುತ್ತಿದ್ದ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಹೂಳು ತುಂಬಿ ಸುಮಾರು 105.8ಕ್ಕೆ ಇಳಿದಿದೆ. ಆದುದರಿಂದ ಬೆಟ್ಟದ ಊರಿನಲ್ಲಿ ಮಳೆಯನ್ನು ಅಳೆಯುವವರೂ ಬಯಲಿನಲ್ಲಿ ಮಣ್ಣನ್ನು ಅಳೆಯುವವರೂ ಒಂದೇ ಲೆಕ್ಕದ ಎರಡು ಬದಿಗಳನ್ನು ಬರೆಯುತ್ತಿದ್ದಾರೆ. ಈ ಎರಡು ಬದಿಗಳೂ ಒಂದೇ ಪುಸ್ತಕದಲ್ಲಿ ಕೂಡಬೇಕಾದರೆ ಆ ಪುಸ್ತಕ ಎಲ್ಲರ ಮನೆಯಲ್ಲೂ ತೆರೆದುಕೊಳ್ಳಬೇಕು. ಇಂದು ಆ ಪುಸ್ತಕದ ಹೆಸರು ತಂತ್ರಾಂಶ. ಒಬ್ಬರ ಬಳಿ ವಿಂಡೋಸ್, ಇನ್ನೊಬ್ಬರ ಬಳಿ ಲಿನಕ್ಸ್, ಮತ್ತೊಬ್ಬರ ಬಳಿ ಆಂಡ್ರಾಯ್ಡ್ ಫೋನು ಮಾತ್ರ. ಇವೆಲ್ಲದರ ಮೇಲೂ ನಡೆಯಬಲ್ಲ ವಿಜ್ಞಾನದ ತಂತ್ರಾಂಶವನ್ನು ಯಾವ ಸಾಧನಗಳಿಂದ ಕಟ್ಟಬೇಕು ಎಂಬುದು ಇಂದಿನ ವಿಷಯ.

ಉದಾಹರಣೆಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳನ್ನು ತೆಗೆದುಕೊಳ್ಳಬಹುದು. 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟ ಕೊಪ್ಪಳ ಜಿಲ್ಲೆ ಈ ನಾಲ್ಕರಿಂದ ಆಯಿತು. ಗಂಗಾವತಿ ಕಾಲುವೆಯ ಸೀಮೆ. ಅಲ್ಲಿ ನೀರು ಹೆಚ್ಚಾದದ್ದೇ ತೊಂದರೆಯಾಗಿ ಸವಳು-ಜವಳು ಭೂಮಿ ಹಬ್ಬಿತು, ಅದರ ಸುಧಾರಣೆಗಾಗಿ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ದಶಕಗಳಿಂದ ಕೆಲಸ ನಡೆದಿದೆ. ಕುಷ್ಟಗಿ, ಯಲಬುರ್ಗಾಗಳು ಹೆಚ್ಚಿನ ಪಾಲು ಒಣ ಬೇಸಾಯದ ಸೀಮೆ: ಮಸಾರಿಯಲ್ಲಿ ಸಜ್ಜೆ, ಎರೆಯಲ್ಲಿ ಹಿಂಗಾರಿ ಜೋಳ, ಕಡಲೆ. ಒಂದೇ ಜಿಲ್ಲೆಯೊಳಗೆ ಒಂದು ಕಡೆ ನೀರನ್ನು ಹೊರಹಾಕುವ ಲೆಕ್ಕ, ಇನ್ನೊಂದು ಕಡೆ ನೀರನ್ನು ಹಿಡಿದಿಡುವ ಲೆಕ್ಕ. ತಂತ್ರಾಂಶದ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಸೀಮೆ ಸಿಗುವುದು ಕಷ್ಟ.

ಮಾಹಿತಿಗೆ ಅಲ್ಲಿ ಬರವಿಲ್ಲ. ವಿಶ್ವಬ್ಯಾಂಕಿನ ನೆರವಿನಿಂದ 2012ರಿಂದ 2019ರವರೆಗೆ ನಡೆದ ಸುಜಲ-3 ಜಲಾನಯನ ಯೋಜನೆಯಲ್ಲಿ ಕೊಪ್ಪಳವೂ ಒಂದು ಜಿಲ್ಲೆಯಾಗಿತ್ತು. ಅದರಡಿ 1:7920 ಪ್ರಮಾಣದ ಗ್ರಾಮ ನಕ್ಷೆಗಳ ಮೇಲೆ, ಅಂದರೆ ಮೈಲಿಗೆ ಎಂಟು ಅಂಗುಲದ ಹಳೆಯ ಕಂದಾಯ ನಕ್ಷೆಗಳ ಮೇಲೆ, ಮಣ್ಣಿನ ಆಳ, ಕಣರಚನೆ, ಇಳಿಜಾರು, ಕೊಚ್ಚಣೆ ಇವುಗಳ ಸಮೀಕ್ಷೆ ನಡೆಯಿತು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿಯೇ ಮಳೆಮಾಪಕಗಳನ್ನು ನಿಲ್ಲಿಸಿದೆ. ಮಣ್ಣಿನ ನಕ್ಷೆಯೂ ಇದೆ, ಮಳೆಯ ಅಂಕಿಯೂ ಇದೆ. ಎರಡನ್ನೂ ಒಟ್ಟಿಗೆ ಇಟ್ಟು, ಈ ಹೊಲದ ಬದುವಿನಲ್ಲಿ ಎಷ್ಟು ನೀರು ಹರಿದುಹೋದೀತು ಎಂದು ಊರಿನ ಹುಡುಗಿಯೊಬ್ಬಳು ಸ್ವತಃ ಲೆಕ್ಕ ಹಾಕಬಲ್ಲಳೇ ಎಂಬುದು ಪ್ರಶ್ನೆ. ಹಾಕಲಾರಳು ಎಂದಾದರೆ ಆ ನಕ್ಷೆ ಊರಿನ ಬಗೆಗಿನದೇ ಹೊರತು ಊರಿನದಲ್ಲ.

ಲೆಕ್ಕ ನಿಜಕ್ಕೂ ಕಷ್ಟದ್ದಲ್ಲ. 1950ರ ದಶಕದಲ್ಲಿ ಅಮೆರಿಕದ ಮಣ್ಣು ಸಂರಕ್ಷಣಾ ಸೇವೆ ರೂಪಿಸಿದ ‘ಕರ್ವ್ ನಂಬರ್’ ಪದ್ಧತಿಯನ್ನು ನೋಡಿ. ಮಣ್ಣಿಗೂ ಹೊದಿಕೆಗೂ ತಕ್ಕಂತೆ ಒಂದು ಸಂಖ್ಯೆ ಕೊಡುತ್ತಾರೆ. ಅದು 80 ಎಂದು ಇಟ್ಟುಕೊಳ್ಳೋಣ. 25400ನ್ನು 80ರಿಂದ ಭಾಗಿಸಿ 254 ಕಳೆದರೆ 63.5 ಮಿ.ಮೀ.; ಮಣ್ಣು ಹಿಡಿಯಬಲ್ಲ ನೀರಿನ ಮಿತಿ ಇದು. ಇದರ ಐದನೆಯ ಒಂದು ಭಾಗ, 12.7 ಮಿ.ಮೀ., ಹರಿವು ಶುರುವಾಗುವ ಮುನ್ನವೇ ಮಣ್ಣಿಗೂ ಎಲೆಗೂ ಹೋಗುತ್ತದೆ. ಒಂದೇ ದಿನ 60 ಮಿ.ಮೀ. ಸುರಿದರೆ ಉಳಿದದ್ದು 47.3. ಅದರ ವರ್ಗವನ್ನು 60 ಮತ್ತು 50.8ರ ಮೊತ್ತವಾದ 110.8ರಿಂದ ಭಾಗಿಸಿದರೆ ಸುಮಾರು 20.2 ಮಿ.ಮೀ. ಹರಿದುಹೋಗುತ್ತದೆ. ಒಂದು ಹೆಕ್ಟೇರಿನ ಮೇಲೆ ಒಂದು ಮಿ.ಮೀ. ಎಂದರೆ ಹತ್ತು ಸಾವಿರ ಲೀಟರ್. ಆದ್ದರಿಂದ ಇದು ಎರಡು ಲಕ್ಷ ಲೀಟರಿಗೂ ಮೇಲೆ. ಉದ್ದ ಅಗಲ ಒಂಬತ್ತು ಮೀಟರ್, ಆಳ ಎರಡೂವರೆ ಮೀಟರ್ ಇರುವ ನೇರ ಗೋಡೆಯ ಕೃಷಿ ಹೊಂಡ ಒಂದೇ ಮಳೆಗೆ ತುಂಬುವಷ್ಟು ನೀರು. ಅದೇ 60 ಮಿ.ಮೀ. ಬಿಡುವು ಕೊಟ್ಟು ಇಪ್ಪತ್ತಿಪ್ಪತ್ತರಂತೆ ಮೂರು ಸಲ ಬಂದರೆ? ಪ್ರತಿ ಸಲ ಹರಿಯುವುದು 0.75 ಮಿ.ಮೀ. ಮಾತ್ರ, ಮೂರೂ ಸೇರಿ ಎರಡೂಕಾಲು. ತಿಂಗಳ ಸರಾಸರಿ ಮಳೆಯನ್ನು ನಂಬಿ ಹೊಂಡ ತೋಡಿಸುವುದು ಏಕೆ ತಪ್ಪು ಎಂಬುದು ಈ ಎರಡು ಅಂಕಿಗಳಲ್ಲೇ ಇದೆ. ದಿನದಿನದ ಮಳೆ ಬೇಕು. ಮೂವತ್ತು ವರ್ಷದ ದಿನದಿನದ ಮಳೆ ಎಂದರೆ ಸುಮಾರು ಹನ್ನೊಂದು ಸಾವಿರ ಸಾಲು. ಅಷ್ಟನ್ನು ಕೈಯಲ್ಲಿ ಮಾಡಲಾಗದು. ಇಲ್ಲಿಗೆ ಸ್ಕ್ರಿಪ್ಟ್ ಬೇಕಾಗುತ್ತದೆ. ಸ್ಕ್ರಿಪ್ಟ್ ಎಂದರೆ ಮತ್ತೇನಲ್ಲ, ಈಗ ಬಾಯಲ್ಲಿ ಹೇಳಿದ ಲೆಕ್ಕವನ್ನು ಯಂತ್ರಕ್ಕೆ ತಿಳಿಯುವ ಹಾಗೆ ಬರೆದಿಟ್ಟ ಐದಾರು ಸಾಲು.

ಆ ಐದಾರು ಸಾಲು ಓದಲು ಬಾರದವರಿಗಾಗಿ ಪರದೆಯ ಮೇಲೆ ಚೌಕ, ಪಟ್ಟಿ, ಗುಂಡಿಗಳನ್ನು ಜೋಡಿಸುವುದೇ ಚಿತ್ರರೂಪಿ ಇಂಟರ್‌ಫೇಸ್. ಇದನ್ನು ತಂತ್ರಾಂಶದ ಮುಖ ಎನ್ನೋಣ, ಲೆಕ್ಕವನ್ನು ಒಡಲು ಎನ್ನೋಣ. ಸಾಧನ ಆರಿಸುವವರು ಗಟ್ಟಿಯಾಗಿ ಹಿಡಿಯಬೇಕಾದ ಮಾತು ಒಂದಿದ್ದರೆ ಅದು ಒಡಲೂ ಮುಖವೂ ಬೇರೆ ಬೇರೆ ಕಡತಗಳಲ್ಲಿ ಇರಬೇಕೆಂಬುದು. ಮುಖ ಬೇಗ ಹಳತಾಗುತ್ತದೆ, ಒಡಲು ಬಾಳುತ್ತದೆ. ಗ್ರಾಸ್ ಎಂಬ ಭೂಮಾಹಿತಿ ತಂತ್ರಾಂಶ 1982ರಲ್ಲಿ ಅಮೆರಿಕದ ಸೇನೆಯ ಪ್ರಯೋಗಾಲಯವೊಂದರಲ್ಲಿ ಹುಟ್ಟಿದ್ದು. ಅದಕ್ಕೆ ಬಹುಕಾಲ ಟಿಸಿಎಲ್-ಟಿಕೆಯಲ್ಲಿ ಬರೆದ ಮುಖವಿತ್ತು, ಆಮೇಲೆ ಡಬ್ಲ್ಯುಎಕ್ಸ್‌ಪೈಥಾನ್‌ನಲ್ಲಿ ಹೊಸ ಮುಖ ಬಂತು, 2015ರ 7.0 ಆವೃತ್ತಿಯ ಹೊತ್ತಿಗೆ ಹಳೆಯದನ್ನು ತೆಗೆದೇಬಿಟ್ಟರು. ಜಲಾನಯನದ ಗಡಿ ಗುರುತಿಸುವ ಆಜ್ಞೆ ಮಾತ್ರ ಆ ಎರಡು ಮುಖಗಳ ಹಿಂದೆಯೂ ಅದೇ ಹೆಸರಿನಲ್ಲಿ ಕೆಲಸ ಮಾಡಿತು.

ಇದಕ್ಕೆ ಎದುರಾದ ಅನುಭವವೂ ಕೃಷಿ ವಿಜ್ಞಾನದಲ್ಲಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 2009ರಲ್ಲಿ ಹೊರತಂದ ಆಕ್ವಾಕ್ರಾಪ್, ನೀರಿಗೂ ಇಳುವರಿಗೂ ಇರುವ ಸಂಬಂಧವನ್ನು ಲೆಕ್ಕ ಹಾಕುವ ಮಾದರಿ. ಒಣ ಸೀಮೆಗೆ ಬಹಳ ಪ್ರಯೋಜನದ್ದು. ಅದನ್ನು ಡೆಲ್ಫಿಯಲ್ಲಿ ವಿಂಡೋಸಿಗಾಗಿ ಬರೆಯಲಾಗಿತ್ತು. ಲಿನಕ್ಸ್ ಬಳಸುವವರು, ಸಾವಿರಾರು ಹೊಲಗಳಿಗೆ ಒಂದೇ ಸಲ ಲೆಕ್ಕ ಹಾಕಬೇಕಾದವರು ವರ್ಷಗಟ್ಟಲೆ ಅಡ್ಡದಾರಿ ಹುಡುಕಬೇಕಾಯಿತು. ಕೊನೆಗೆ 2022ರ 7.0 ಆವೃತ್ತಿಯಲ್ಲಿ ಒಡಲನ್ನು ಫೋರ್ಟ್ರಾನಿಗೆ ಹೊರಳಿಸಿ, ಮೂಲಸಂಕೇತವನ್ನು ಮುಕ್ತಗೊಳಿಸಿ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರ ಮೇಲೂ ನಡೆಯುವಂತೆ ಮಾಡಿದರು. ಫೋರ್ಟ್ರಾನ್ 1957ರ ಭಾಷೆ! ಹಳೆಯದೆಂದು ಹೀಗಳೆಯುವ ಮೊದಲು ಇದನ್ನು ನೆನೆಯಬೇಕು.

ಇನ್ನು ಭಾಷೆಯ ಆಯ್ಕೆ. ಒಂದು ಕಾಲಕ್ಕೆ ಕಚೇರಿಗಳಲ್ಲೂ ಕಾಲೇಜುಗಳಲ್ಲೂ ವಿಷುಯಲ್ ಬೇಸಿಕ್ 6ರದೇ ಪಾರುಪತ್ಯ. ಗುಂಡಿ ಎಳೆದು ಕೂರಿಸಿದರೆ ಕೆಲಸವಾಗುತ್ತಿತ್ತು, ಆ ಸುಲಭತೆಯನ್ನು ಅಲ್ಲಗಳೆಯಲಾಗದು. 1998ರಲ್ಲಿ ಬಂದ ಆ ಸಾಧನಕ್ಕೆ ತಯಾರಕರ ಬೆಂಬಲ 2008ರಲ್ಲಿ ಮುಗಿಯಿತು, ಅದರ ಮೇಲೆ ಕಟ್ಟಿದ್ದೆಲ್ಲ ಒಂದೇ ಕಂಪನಿಯ ಹೊಸ್ತಿಲಲ್ಲಿ ಉಳಿಯಿತು. ಇಂದು ವಿದ್ಯಾರ್ಥಿಗಳ ಎದುರು ಗಂಭೀರವಾಗಿ ನಿಲ್ಲುವವು ಎರಡು: ಪೈಥಾನ್ ಮತ್ತು ಆರ್. ಪ್ರಯೋಗದ ತಾಕುಗಳ ಸಂಖ್ಯಾಶಾಸ್ತ್ರ, ವ್ಯತ್ಯಾಸದ ವಿಶ್ಲೇಷಣೆ ಇಷ್ಟೇ ಸಾಕೆಂದರೆ ಆರ್ ಒಳ್ಳೆಯದು, ಅದರ 1.0 ಆವೃತ್ತಿ ಹೊರಬಂದದ್ದು 2000ದ ಫೆಬ್ರುವರಿ 29ರಂದು. ಆದರೆ ಕಡತ ಓದುವುದು, ನಕ್ಷೆ ಬಿಡಿಸುವುದು, ಮಾಪಕದಿಂದ ಅಂಕಿ ಪಡೆಯುವುದು, ಮುಖ ಕಟ್ಟುವುದು ಎಲ್ಲವೂ ಒಂದೇ ಭಾಷೆಯಲ್ಲಿ ಆಗಬೇಕಾದರೆ ಪೈಥಾನ್ ಮೇಲು. ಮಣ್ಣಿನ ನಕ್ಷೆಗಳನ್ನು ತೆರೆಯಲು ಬಳಸುವ ಕ್ಯೂಜಿಐಎಸ್ ಒಳಗೂ ಅದೇ ಇದೆ ಎಂಬುದು ಇಲ್ಲಿ ನಿರ್ಣಾಯಕ. ಪೈಥಾನೂ ಚಿರಂಜೀವಿಯಲ್ಲ. ಅದರ ಎರಡನೆಯ ಸರಣಿ 2020ರ ಜನವರಿ 1ಕ್ಕೆ ನಿಂತಿತು. ಅದಕ್ಕೂ ಮೊದಲು 2018ರಲ್ಲಿ ಕ್ಯೂಜಿಐಎಸ್ ಮೂರನೆಯ ಸರಣಿಗೆ ದಾಟಿದಾಗ ಹಳೆಯ ಉಪಕರಣಗಳನ್ನು ತಿದ್ದಿ ಬರೆಯಬೇಕಾಯಿತು. ಆದರೆ ಮೂಲಸಂಕೇತ ಕೈಯಲ್ಲಿತ್ತು, ಆದ್ದರಿಂದ ತಿದ್ದಲು ಬಂತು.

ಮುಖ ಕಟ್ಟುವ ಸಾಧನಗಳ ವಿಷಯಕ್ಕೆ ಬಂದರೆ ಪುಸ್ತಕಗಳು ವೇಗ, ಅಂದ, ಗಾತ್ರ ಇವನ್ನು ಹೋಲಿಸಿ ಕೋಷ್ಟಕ ಕೊಡುತ್ತವೆ. ಕನ್ನಡದ ಊರಿಗೆ ಅದಕ್ಕಿಂತ ಮೊದಲಿನ ಪರೀಕ್ಷೆಯೊಂದು ಇದೆ, ಅದಕ್ಕೆ ಈ ನಾಲ್ಕು ತಾಲೂಕುಗಳ ಹೆಸರೇ ಸಾಕು.

ಕುಷ್ಟಗಿ ಎಂದು ಬರೆಯಿಸಿ ನೋಡಿ. ಪೈಥಾನಿನೊಂದಿಗೇ ಬರುವ ಟಿಕಿಂಟರ್ ಎಂಬ ಸಾಧನ ಟಿಕೆಯ ಮೇಲೆ ನಿಂತಿದೆ, ಟಿಕೆ 8.6 ಸರಣಿ ಲಿನಕ್ಸಿನ ಮೇಲೆ ಅಕ್ಷರಗಳನ್ನು ಒಂದರ ಪಕ್ಕ ಒಂದಿಡುತ್ತದೆಯೇ ಹೊರತು ಭಾರತೀಯ ಲಿಪಿಗಳ ಒತ್ತುಗಳನ್ನು ಕೂಡಿಸುವುದಿಲ್ಲ. ಪರದೆಯ ಮೇಲೆ ಬರುವುದು ‘ಕುಷ್‌ಟಗಿ’ಯಂತಹ ಮುರುಕು ರೂಪ. ಕ್ಯೂಟಿ ಹಾಗೂ ಜಿಟಿಕೆ ಸಾಧನಗಳು ಹಾರ್ಫ್‌ಬಝ್ ಎಂಬ ಅಕ್ಷರ ಜೋಡಣೆಯ ಮುಕ್ತ ಗ್ರಂಥಾಲಯವನ್ನು ಬಳಸುವುದರಿಂದ ಒತ್ತು ತನ್ನ ಜಾಗದಲ್ಲಿ ಕೂರುತ್ತದೆ. ಡಬ್ಲ್ಯುಎಕ್ಸ್ ಲಿನಕ್ಸಿನ ಮೇಲೆ ಜಿಟಿಕೆಯ ಬೆನ್ನೇರಿ ನಡೆಯುವುದರಿಂದ ಅದೂ ಪಾಸು. ಟಿಕಿಂಟರ್ ಹಗುರ, ಸರಳ, ಕಲಿಯಲು ಒಂದು ದಿನ ಸಾಕು. ಇಂಗ್ಲಿಷಿನಲ್ಲಿ ಮಾತ್ರ ಬಳಸುವ ಪ್ರಯೋಗಾಲಯಕ್ಕೆ ಅದನ್ನೇ ಸೂಚಿಸಬಹುದು. ರೈತನ ಮುಂದೆ ಇಡುವ ಪರದೆಗೆ ಅದು ಸಲ್ಲದು. ತನ್ನ ಊರಿನ ಹೆಸರನ್ನೇ ಸರಿಯಾಗಿ ಬರೆಯಲಾರದ ಯಂತ್ರ ತನ್ನ ಹೊಲದ ಲೆಕ್ಕವನ್ನು ಸರಿಯಾಗಿ ಹೇಳೀತೆಂದು ಯಾರು ನಂಬುತ್ತಾರೆ? ಆಲೇಖ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲೂ ಬಹುಕಾಲ ಇದೇ ಕೊರತೆಯಿತ್ತು. ಬಳಸುವ ಮುನ್ನ ಒತ್ತಕ್ಷರವೊಂದನ್ನು ಬರೆಯಿಸಿಯೇ ನೋಡಬೇಕು.

ಕೊಪ್ಪಳ ಎಂಬುದರಲ್ಲಿ ಬೇರೆ ತೊಡಕು. ಅದರ ಮೊದಲ ಅಕ್ಷರದ ಒಕಾರವನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ, ಎರಡು ಚಿಹ್ನೆಗಳ ಜೋಡಿಯಾಗಿಯೂ ದಾಖಲಿಸಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಒಂದು ಆರು ಸಂಕೇತಗಳ ಪದ, ಇನ್ನೊಂದು ಏಳರದು. ಮಳೆಯ ಕಡತದಲ್ಲಿ ಒಂದು ಬಗೆ, ಮಣ್ಣಿನ ಕಡತದಲ್ಲಿ ಇನ್ನೊಂದು ಬಗೆ ಇದ್ದರೆ ಎರಡೂ ಕೂಡುವುದಿಲ್ಲ, ಯಂತ್ರ ದೋಷವನ್ನೂ ಹೇಳುವುದಿಲ್ಲ. ಸುಮ್ಮನೆ ಸಾಲುಗಳು ಕಾಣೆಯಾಗುತ್ತವೆ. ಇಂಥ ಎರಡು ರೂಪಗಳನ್ನು ಒಂದಕ್ಕೆ ತರುವ ಸೌಲಭ್ಯ ಪೈಥಾನಿನ ಮೂಲ ಗ್ರಂಥಾಲಯದಲ್ಲಿಯೇ ಇದೆ.

ಯಲಬುರ್ಗಾದಲ್ಲಿ ಅರ್ಕಾವತ್ತು. ಅದನ್ನು ಅರ್ಕಾವತ್ತಾಗಿ ತೋರಿಸಲು ಒಂದು ಬಗೆಯ ಸಂಕೇತ, ರಕಾರದ ಕೆಳಗೆ ಗಕಾರದ ಒತ್ತಾಗಿ ತೋರಿಸಲು ನಡುವೆ ಕಣ್ಣಿಗೆ ಕಾಣದ ಜೋಡಣೆಯ ಚಿಹ್ನೆ ಸೇರಿದ ಇನ್ನೊಂದು ಬಗೆ. ಸಾಲದ್ದಕ್ಕೆ ಯಲಬುರ್ಗಾ, ಯಲಬುರ್ಗ, ಯಲಬುರ್ಗಿ ಎಂದು ಕಾಗುಣಿತವೂ ಮೂರು ತೆರ. ಇದ್ದುದರಲ್ಲಿ ಗಂಗಾವತಿಯೇ ವಾಸಿ, ಅದರಲ್ಲಿ ಒತ್ತೇ ಇಲ್ಲ ಎನ್ನುವಿರಾ? ಬೆರಳಚ್ಚಿನಲ್ಲಿ ಅನುಸ್ವಾರದ ಬದಲು ಕನ್ನಡದ ಸೊನ್ನೆಯನ್ನು ಒತ್ತಿದ ಗಂಗಾವತಿಗಳು ಹಳೆಯ ಕಡತಗಳಲ್ಲಿ ಅಡಗಿರುತ್ತವೆ. ಎರಡೂ ದುಂಡಗೆ, ಎರಡೂ ಒಂದೇ ತರಹ. ಹುಡುಕಿದರೆ ಮಾತ್ರ ಸಿಗುವುದಿಲ್ಲ. ಇನ್ನು ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ದಾಖಲೆಗಳ ಪಾಡಂತೂ ಹೇಳತೀರದು. ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ಊರಿನ ಹೆಸರು ಅರ್ಥವಿಲ್ಲದ ಲ್ಯಾಟಿನ್ ಗುರುತುಗಳಾಗಿ ತೋರುತ್ತದೆ. ಇವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸದೆ ಯಾವ ಲೆಕ್ಕಕ್ಕೂ ಕೈ ಹಾಕಬಾರದು.

ಈ ಕಾರಣಕ್ಕೆ ಹೆಸರಿನ ಜೊತೆಗೆ ಪ್ರತಿ ಊರಿಗೂ ಸರ್ಕಾರಿ ಗ್ರಾಮ ಸಂಖ್ಯೆಯನ್ನು ಬರೆದಿಡುವುದು ಮೇಲು. ಮತ್ತೊಂದು ಕಾರಣವೂ ಇದೆ. 2018ರ ಹೊತ್ತಿಗೆ ಯಲಬುರ್ಗಾದಿಂದ ಕುಕನೂರು, ಗಂಗಾವತಿಯಿಂದ ಕನಕಗಿರಿ ಮತ್ತು ಕಾರಟಗಿ ಬೇರೆ ತಾಲೂಕುಗಳಾದವು, ನಾಲ್ಕು ಏಳಾದವು. ತಾಲೂಕಿನ ಹೆಸರನ್ನೇ ನಂಬಿ ಬರೆದ ಸ್ಕ್ರಿಪ್ಟ್, ಗಂಗಾವತಿಯ ಭತ್ತದ ವಿಸ್ತೀರ್ಣ ಒಂದೇ ವರ್ಷದಲ್ಲಿ ಕುಸಿಯಿತೆಂದು ಹೇಳಿಬಿಡುತ್ತದೆ. ಗ್ರಾಮದ ಮಟ್ಟದಲ್ಲಿ ಅಂಕಿ ಇಟ್ಟವರಿಗೆ ಈ ಭಯವಿಲ್ಲ.

ಕಡತಗಳ ಬಗ್ಗೆ ಎರಡು ಮಾತು. ಎಕ್ಸೆಲ್‌ನ ಹಳೆಯ ಎಕ್ಸ್‌ಎಲ್‌ಎಸ್ ಕಡತದಲ್ಲಿ 65,536 ಸಾಲು ಮಾತ್ರ ಹಿಡಿಯುತ್ತವೆ. ಇಪ್ಪತ್ತು ಮಳೆಮಾಪಕಗಳ ದಿನದ ಅಂಕಿಯನ್ನು ಒಂದೇ ಹಾಳೆಯಲ್ಲಿ ಇಡುತ್ತ ಹೋದರೆ ಒಂಬತ್ತು ವರ್ಷ ತುಂಬುವ ಮುನ್ನವೇ ಹಾಳೆ ತುಂಬುತ್ತದೆ. 2020ರಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆ ಇದೇ ಕಡತದ ಮಿತಿಯಿಂದಾಗಿ 15,841 ಕೋವಿಡ್ ಪ್ರಕರಣಗಳನ್ನು ಕೆಲವು ದಿನ ಎಣಿಕೆಯಿಂದಲೇ ಬಿಟ್ಟಿತ್ತು. ದಿನಾಂಕದ ಗೊಂದಲ ಇನ್ನೂ ಸೂಕ್ಷ್ಮ: 3-7 ಎಂಬುದು ಇಲ್ಲಿ ಜುಲೈ ಮೂರು, ಯಂತ್ರವನ್ನು ಅಮೆರಿಕದ ರೂಢಿಗೆ ಬಿಟ್ಟಿದ್ದರೆ ಮಾರ್ಚ್ ಏಳು. ಮುಂಗಾರಿನ ಮಳೆ ಬೇಸಿಗೆಗೆ ಹೋಗಿ ಕೂರುತ್ತದೆ. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ, ಯುಟಿಎಫ್-8ರ ಸರಳ ಸಿಎಸ್‌ವಿ ಕಡತದಲ್ಲಿ ಬರೆದಿಟ್ಟರೆ ಸಾಕು. ಅಂಥ ಕಡತವನ್ನು ಯಾವ ತಂತ್ರಾಂಶವೂ ಇಲ್ಲದೆ ಬರಿಗಣ್ಣಿನಿಂದಲೇ ಓದಬಹುದು.

ಮುಖದಲ್ಲಿ ಏನಿರಬೇಕು ಎಂಬುದನ್ನು ತಂತ್ರಜ್ಞರಿಗೆ ಮಾತ್ರ ಬಿಡಬಾರದು. ಕುಷ್ಟಗಿಯ ಹಿರಿಯರು ಸೆಪ್ಟೆಂಬರ್ 28 ಎನ್ನುವುದಿಲ್ಲ, ಹಸ್ತದ ಮಳೆ ಎನ್ನುತ್ತಾರೆ. ಇಪ್ಪತ್ತೇಳು ಮಳೆ ನಕ್ಷತ್ರಗಳಿಗೆ ತಲಾ ಹದಿಮೂರು-ಹದಿನಾಲ್ಕು ದಿನ. ಅವನ್ನು ಪಟ್ಟಿಯಾಗಿ ಕೊಟ್ಟು ದಿನಾಂಕಕ್ಕೆ ಹೊಂದಿಸುವುದು ಹತ್ತು ಸಾಲಿನ ಕೆಲಸ. ಅಂಕಿಯನ್ನು ಕನ್ನಡದಲ್ಲಿ ೬೦ ಎಂದು ಬರೆದರೂ ಪೈಥಾನ್ ಅದನ್ನು ಅರವತ್ತೆಂದೇ ಓದುತ್ತದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಬ್ರೌಸರಿನ ಜಾವಾಸ್ಕ್ರಿಪ್ಟ್ ಹಾಗೆ ಓದುವುದಿಲ್ಲ, ಅದಕ್ಕೆ ಬೇರೆ ಹೇಳಿಕೊಡಬೇಕು.

ಪರವಾನಗಿಯ ಪ್ರಶ್ನೆಯನ್ನು ವಿದ್ಯಾರ್ಥಿಗಳು ಕಡೆಗಣಿಸುತ್ತಾರೆ. ಕ್ಯೂಟಿಯನ್ನು ಪೈಥಾನಿನಿಂದ ಬಳಸಲು ಎರಡು ಸೇತುವೆಗಳಿವೆ. ಪೈಕ್ಯೂಟಿಯನ್ನು ಹಣ ಕೊಡದೆ ಬಳಸಿದರೆ ಹಂಚುವ ತಂತ್ರಾಂಶವೂ ಜಿಪಿಎಲ್ ಪರವಾನಗಿಗೆ ಒಳಪಟ್ಟು, ಅದರ ಮೂಲಸಂಕೇತವನ್ನು ಪಡೆದವರಿಗೆ ಕೊಡಬೇಕಾಗುತ್ತದೆ. ಪೈಸೈಡ್‌ನ ಎಲ್‌ಜಿಪಿಎಲ್ ಪರವಾನಗಿ ಅಷ್ಟು ಕಟ್ಟು ಹಾಕುವುದಿಲ್ಲ. ಊರಿನ ಮಣ್ಣು ನೀರಿನ ಲೆಕ್ಕಕ್ಕೆ ಮೂಲಸಂಕೇತ ತೆರೆದಿರುವುದೇ ಯೋಗ್ಯವಾದ್ದರಿಂದ ಇಲ್ಲಿ ಎರಡೂ ನಡೆಯುತ್ತವೆ. ಹೆಚ್ಚಿನ ಅಡ್ಡಿ ಹಳೆಯ ಯಂತ್ರಗಳದು. ವಿಂಡೋಸ್ 7 ಇರುವ ಗಣಕದ ಮೇಲೆ ಪೈಥಾನ್ 3.8ರಾಚೆ ಕೂರುವುದಿಲ್ಲ, ಕ್ಯೂಟಿ 6ಕ್ಕೆ ವಿಂಡೋಸ್ 10 ಬೇಕು. ಹಳ್ಳಿಯ ಶಾಲೆಯಲ್ಲಿ ಹಳೆಯ ಗಣಕಗಳೇ ಇದ್ದರೆ ಎರಡು ಹಾದಿ: ಅವುಗಳ ಮೇಲೆ ಹಗುರವಾದ ಲಿನಕ್ಸ್ ಹಾಕುವುದು, ಅಥವಾ ಮುಖವನ್ನು ಒಂದೇ ಎಚ್‌ಟಿಎಂಎಲ್ ಪುಟವಾಗಿ ಬರೆದು ಬ್ರೌಸರಿನಲ್ಲಿ ತೆರೆಯುವುದು. ಎರಡನೆಯದು ಫೋನಿನಲ್ಲೂ ನಡೆಯುತ್ತದೆ, ಕನ್ನಡವೂ ಚೆನ್ನಾಗಿ ಮೂಡುತ್ತದೆ, ಗುಡ್ಡದ ಮರೆಯಲ್ಲಿ ಸಿಗ್ನಲ್ ಇಲ್ಲದಿದ್ದರೂ ಕಡತ ಕೈಯಲ್ಲಿರುತ್ತದೆ. ಕರ್ವ್ ನಂಬರಿನಂಥ ಸಣ್ಣ ಲೆಕ್ಕಕ್ಕೆ ಇದೇ ಉತ್ತಮ. ನಕ್ಷೆಗಳು, ಮೂವತ್ತು ವರ್ಷದ ಅಂಕಿಗಳು, ನೂರಾರು ಸರ್ವೆ ನಂಬರುಗಳು ಬಂದಾಗ ಪೈಥಾನ್ ಮತ್ತು ಕ್ಯೂಟಿಗೆ ಹೋಗಬೇಕು. ಅಲ್ಲಿಯೂ ಹೊಸ ಮುಖ ಕಟ್ಟುವ ಬದಲು ಕ್ಯೂಜಿಐಎಸ್ ಒಳಗೊಂದು ಉಪಕರಣವಾಗಿ ಬರೆದರೆ ಅರ್ಧ ಶ್ರಮ ಉಳಿಯುತ್ತದೆ.

ವಿದ್ಯಾರ್ಥಿಗಳು ಈ ಮಳೆಗಾಲದಲ್ಲಿಯೇ ಆರಂಭಿಸಬಹುದು. ಬೆಟ್ಟದ ಊರಿನ ಮಳೆ ಬರೆದಿಟ್ಟ ಡೈರಿಯೊಂದನ್ನು ಸಿಎಸ್‌ವಿಗೆ ಇಳಿಸುವುದು ಮೊದಲು. ಆಮೇಲೆ ಹರಿವಿನ ಲೆಕ್ಕದ ಸ್ಕ್ರಿಪ್ಟ್. ಅದಕ್ಕೆ 60 ಕೊಟ್ಟರೆ 20.2 ಬರಬೇಕು, 20 ಕೊಟ್ಟರೆ 0.75, 12 ಕೊಟ್ಟರೆ ಸೊನ್ನೆ. ಕೊನೆಯದನ್ನು ತಪ್ಪದೆ ನೋಡಿ: ಮಳೆ 12.7ಕ್ಕಿಂತ ಕಡಿಮೆಯಾದಾಗ ವ್ಯತ್ಯಾಸ ಋಣವಾಗುತ್ತದೆ, ವರ್ಗ ಮಾಡಿದೊಡನೆ ಮತ್ತೆ ಧನವಾಗುತ್ತದೆ, ಬಾರದ ನೀರು ಬಂದಂತೆ ತೋರುತ್ತದೆ. ಒಂದು ಮಿ.ಮೀ. ಮಳೆಗೆ ಎರಡೂವರೆ ಮಿ.ಮೀ.ಗೂ ಹೆಚ್ಚು ಹರಿವು ತೋರಿಸುವ ಸ್ಕ್ರಿಪ್ಟ್ ಅಂಥದ್ದು. ಇದು ಸರಿಯಾದ ಮೇಲೆ ಅದೇ ಕಡತಗಳನ್ನು ಒಂದು ವಿಂಡೋಸ್ ಗಣಕ, ಒಂದು ಲಿನಕ್ಸ್ ಗಣಕ, ಎರಡರ ಮೇಲೂ ನಡೆಸಿ, ಉತ್ತರಗಳನ್ನು ಸಾಲಿಗೆ ಸಾಲು ಹೋಲಿಸಿ, ನಾಲ್ಕು ತಾಲೂಕುಗಳ ಹೆಸರನ್ನು ಪರದೆಯ ಮೇಲೂ ಅಚ್ಚಿನ ಹಾಳೆಯ ಮೇಲೂ ಬರೆಯಿಸಿ ನೋಡಬೇಕು. ಮುಖದ ಬಣ್ಣ, ಗುಂಡಿಯ ಆಕಾರಗಳ ಚರ್ಚೆ ಅದಾದ ಮೇಲೆ.